ಕುರುಕ್ಷೇತ್ರ ನಾಟಕಕ್ಕೆ ಡ್ರೆಸ್ಸು, ಸೀನರಿ: ತುಮಕೂರಿನ ಒಂದು ಬಾಡಿಗೆ ಅಂಗಡಿ

ಸೀನರಿಗೆ ಪೂರ್ತಿ ಅಂಕ. ದರ್ಬಾರು, ಕಾಡು, ಬೀದಿ, ಮೂರು ಪರದೆಗಳ ಬಣ್ಣವೂ ಮಾಸಿಲ್ಲ. ಕೆಳಗಿನ ಬೊಂಬು ನೆಟ್ಟಗಿದೆ. ಬೊಂಬು ಬಾಗಿದ್ದರೆ ಪರದೆ ಓರೆಯಾಗಿ ಸುತ್ತಿಕೊಂಡು ಅರ್ಧಕ್ಕೇ ನಿಲ್ಲುತ್ತದೆ.

ತಕರಾರು ಕಿರೀಟಗಳದ್ದು. ಒಳಗಿನ ಸ್ಪಂಜು ಸವೆದು ಹೋಗಿದೆ. ದುರ್ಯೋಧನ ಗದೆ ಎತ್ತಿ ತಿರುಗಿದರೆ ಕಿರೀಟ ಕಣ್ಣಿಗೇ ಇಳಿಯುತ್ತದೆ. 1884ರಲ್ಲಿ ಗುಬ್ಬಿ ನಾಟಕ ಕಂಪನಿ ಹುಟ್ಟಿದ ಜಿಲ್ಲೆ ಇದು, ಜನ ನಗದೆ ಬಿಡುವುದಿಲ್ಲ. ಹಣೆಗೆ ಹತ್ತಿಬಟ್ಟೆ ಎರಡು ಸುತ್ತು ಕಟ್ಟಿ ಅದರ ಮೇಲೆ ಕಿರೀಟ ಇಡಿ. ಗದ್ದದ ಲಾಡಿಯನ್ನು ಬಾಯಿ ಪೂರ್ತಿ ತೆರೆದೇ ಬಿಗಿಯಿರಿ, ಇಲ್ಲದಿದ್ದರೆ ಮೇಲಿನ ಸ್ವರ ಹಿಡಿಯಲು ಆಗುವುದಿಲ್ಲ. ಮೀಸೆ ಅಂಟಿಸಲು ಕೊಟ್ಟ ಸ್ಪಿರಿಟ್ ಗಮ್ ಒಳ್ಳೆಯದೇ. ಹಚ್ಚಿದ ಮೇಲೆ ಬೆರಳಿಗೆ ಜಿಗುಟು ಬರುವವರೆಗೆ ಕಾಯಬೇಕು. ಹಸಿಯಲ್ಲೇ ಮೀಸೆ ಒತ್ತಿದರೆ ಎರಡನೇ ಕಂದಪದ್ಯ ಹಾಡುವಷ್ಟರಲ್ಲಿ ಬೆವರಿನ ಜೊತೆ ಜಾರುತ್ತದೆ. ಗದೆಗಳು ಹಗುರ, ಹಿಡಿಯೂ ಗಟ್ಟಿ.

ಪೂಜೆ ಸಾಮಾನು ಬಾಡಿಗೆಯಲ್ಲಿ ಸೇರಿಲ್ಲ. ಹಾರ್ಮೋನಿಯಂ ಪೇಟಿ, ಗೆಜ್ಜೆ, ಕಿರೀಟದ ಮುಂದೆ ಕಾಯಿ ಒಡೆಯದೆ ಪರದೆ ಏಳುವುದಿಲ್ಲವಲ್ಲ, ತಟ್ಟೆ ನೀವೇ ಒಯ್ಯಿರಿ. ಕಾಯಿಯನ್ನು ರಂಗದಿಂದ ಕೆಳಗೆ ಒಡೆಯುವುದು ವಾಸಿ: ನೀರು ಹಲಗೆಗೆ ಬಿದ್ದರೆ ಮೊದಲು ಜಾರುವವನು ಕೃಷ್ಣನೇ. ಕರ್ಪೂರ ಪರದೆಯಿಂದ ನಾಲ್ಕು ಮಾರು ದೂರವಿರಲಿ. ದೃಷ್ಟಿ ತೆಗೆದ ನಿಂಬೆಹಣ್ಣನ್ನೂ ಕಾಲಡಿ ಬಿಡಬೇಡಿ.

ಮುಂಗಡ ಕೊಡುವಾಗ ಭುಜಕೀರ್ತಿಗಳನ್ನು ಜೋಡಿ ಜೋಡಿಯಾಗಿ ಎಣಿಸಿ ಚೀಟಿ ಬರೆಸಿಕೊಳ್ಳಿ. ವಾಪಸ್ಸು ಕೊಡುವಾಗ ಅವರು ಎಣಿಸುವುದು ಬಲು ಚುರುಕು.