ಟ್ಯಾಗ್ ಹಿಡಿದು ಹೊಸ ಹಾಡು: ಬ್ಯಾಂಡ್‌ಕ್ಯಾಂಪ್

ಬ್ಯಾಂಡ್‌ಕ್ಯಾಂಪ್ ಅಂದ್ರೆ ಸಂಗೀತಗಾರರು ತಮ್ಮ ಹಾಡುಗಳನ್ನ ನೇರವಾಗಿ ಮಾರೋ ವೆಬ್‌ಸೈಟ್. ಹೊಸ ಸಂಗೀತ ಹುಡುಕೋಕೆ ನಾನು ಬಳಸೋದು ಅಲ್ಲಿನ ಟ್ಯಾಗ್‌ಗಳನ್ನ, ಅಂದ್ರೆ ಆಲ್ಬಂಗೆ ಅಂಟಿಸೋ ಶೈಲಿ, ಊರಿನಂಥ ಗುರುತಿನ ಪದಗಳನ್ನ. ಲಾಸ್ಟ್ ಎಫ್‌ಎಂ ಅನ್ನೋ ಇನ್ನೊಂದು ಸಂಗೀತ ಸೈಟ್‌ನಲ್ಲಿ ಕೇಳುಗರು ಟ್ಯಾಗ್ ಹಾಕ್ತಾರೆ, ತಮಾಷೆಗೆ ಹಾಕಿದ್ದೂ ಸೇರ್ಕೊಂಡಿರುತ್ತೆ. ಬ್ಯಾಂಡ್‌ಕ್ಯಾಂಪ್‌ನಲ್ಲಿ ಹಾಕೋದು ಸಂಗೀತಗಾರರೇ.

'ಆಂಬಿಯೆಂಟ್' (ತಾಳಕ್ಕಿಂತ ವಾತಾವರಣವೇ ಮುಖ್ಯವಾದ ಸಂಗೀತ) ಒಂದನ್ನೇ ಒತ್ತಿದ್ರೆ ಅಷ್ಟೊಂದು ಆಲ್ಬಂ ಬರುತ್ತೆ, ಕಾಡಲ್ಲಿ ದಾರಿ ತಪ್ಪಿದ ಹಾಗೆ. ಜೊತೆಗೆ 'ಫೀಲ್ಡ್ ರೆಕಾರ್ಡಿಂಗ್ಸ್' ಸೇರಿಸಿ ನೋಡಿ: ಮಳೆ, ರೈಲು, ಕಪ್ಪೆ, ಯಾರೋ ಎಲ್ಲೋ ಕೂತು ಹಿಡಿದ ಸದ್ದು. (ಆಷಾಢದಲ್ಲಿ ನಮ್ಮ ತೀರ್ಥಹಳ್ಳಿ ಗದ್ದೆ ಕಪ್ಪೆಗಳೇನು ಕಮ್ಮಿಯಿಲ್ಲ ಬಿಡಿ.) ಆಲ್ಬಂ ಪುಟದ ಕೆಳಗೆ ಟ್ಯಾಗ್‌ಗಳ ಸಾಲಲ್ಲಿ ಊರಿನ ಹೆಸರೂ ಇರುತ್ತೆ; ಅದನ್ನ ಒತ್ತಿದ್ರೆ ಅದೇ ಊರಿನ ಬೇರೆ ಕಲಾವಿದರು ಸಿಗ್ತಾರೆ. ನನಗೆ ಇದೇ ಎಲ್ಲಕ್ಕಿಂತ ಇಷ್ಟ.

ಸಿನಿಮಾ ಹಾಡು ಬೇಕಾದವರು ಈ ಕಡೆ ಬರಬೇಡಿ. ಕೊಂಡ ಆಲ್ಬಂ ಫ್ಲ್ಯಾಕ್‌ನಲ್ಲೇ (ಸದ್ದಿನ ಗುಣಮಟ್ಟ ಕಮ್ಮಿಯಾಗದ ಫೈಲ್ ರೂಪ) ಇಳಿಸ್ಕೋಬಹುದು. ಫೈಲ್ ದೊಡ್ಡದು, ಹಾಗಾಗಿ ನಾನು ಆ ಕೆಲಸ ಶಿವಮೊಗ್ಗದಲ್ಲಿ ತಂಗಿ ಮನೆ ವೈಫೈಗೆ ಬಿಟ್ಟಿದೀನಿ.