ಕಾಸ್‌ಪ್ಲೇ ಕವಚಕ್ಕೆ ಅಡ್ವಾನ್ಸ್ ಕಳಿಸೋ ಮುಂಚೆ ಇದನ್ನ ಓದಿ

ಬೆಂಗಳೂರು ಕಾಮಿಕ್ ಕಾನ್‌ಗೆ, ಅಂದ್ರೆ ಕಾಮಿಕ್ಸ್ ಅಭಿಮಾನಿಗಳ ಮೇಳಕ್ಕೆ, ಮೊದಲ ಸಲ ಹೋಗ್ತಿದ್ದೀರಾ? ಕಾಸ್‌ಪ್ಲೇಗೆ, ಅಂದ್ರೆ ಇಷ್ಟದ ಪಾತ್ರದ ವೇಷ ಹಾಕೋದಕ್ಕೆ, ಪಾತ್ರ ಆರಿಸಿ, ಇನ್‌ಸ್ಟಾಗ್ರಾಮ್‌ನಲ್ಲಿ ಕವಚ ಮಾಡಿಕೊಡೋರನ್ನ ಹುಡುಕ್ತಿದ್ದೀರಾ? ಸ್ವಲ್ಪ ನಿಲ್ಲಿ. ದುಡ್ಡು ಕಳಿಸ್ಬೇಡಿ. ₹22,000 ಹೋಗಿದೆ ನಂದು.

ಇನ್‌ಸ್ಟಾಗ್ರಾಮ್‌ನಲ್ಲಿ ಸಿಕ್ಕ ಒಬ್ಬನಿಗೆ ನಾನು ಹೇಳಿದ್ದು ಇಷ್ಟು: ಎದೆಕವಚ, ಎರಡು ಭುಜ, ಮುಂಗೈ, ಮಂಡಿ, ಹೆಲ್ಮೆಟ್. ಎದೆಗೆ 10 ಎಂಎಂ ಹೈ ಡೆನ್ಸಿಟಿ ಇವಿಎ ಫೋಮ್ (ಬಾಗೋ, ಹಗುರವಾದ ಗಟ್ಟಿ ಫೋಮ್ ಶೀಟ್), ಉಳಿದಿದ್ದಕ್ಕೆ 6 ಎಂಎಂ, ಜೋಡಣೆಗೆ ಕಾಂಟ್ಯಾಕ್ಟ್ ಗಮ್, ಪೇಂಟ್‌ಗೆ ಮುಂಚೆ ಹೊಡೆಯೋ ಪ್ರೈಮರ್, ಪೇಂಟ್, ಅದರ ಮೇಲೆ ಕ್ಲಿಯರ್ ಕೋಟ್. ಇಷ್ಟೂ ಮೆಸೇಜ್‌ನಲ್ಲಿ ಬರೆದು ಒಪ್ಪಿದ್ದ. ಅರ್ಧ ಮುಂಗಡ, ಆರು ವಾರ ಟೈಮ್. ಎಲ್ಲರೂ ಹೀಗೇ ಕೇಳೋದು, ಅದರಲ್ಲಿ ಅನುಮಾನಕ್ಕೆ ಏನೂ ಇರಲಿಲ್ಲ.

ಅನುಮಾನ ಬರಬೇಕಾಗಿದ್ದು ಅಳತೆ ಕೇಳಿದಾಗ. ಎತ್ತರ ಎಷ್ಟು, ಟೀಶರ್ಟ್ ಸೈಜ್ ಎಷ್ಟು, ಮುಗೀತು. ಕವಚ ಹಾಗೆ ಆಗಲ್ಲ. ಎದೆ ಸುತ್ತಳತೆ, ಭುಜದಿಂದ ಸೊಂಟ, ಕೈ ಮಡಚಿದಾಗ ತೋಳಿನ ಸುತ್ತು, ತೊಡೆ, ಹುಬ್ಬಿನ ಮೇಲೆ ತಲೆ ಸುತ್ತು, ಎಲ್ಲ ಬೇಕು. ಸರಿಯಾಗಿ ಕೆಲಸ ಮಾಡೋರು ಹಳೇ ಟೀಶರ್ಟ್ ಹಾಕಿಸಿ, ಮೇಲೆ ಡಕ್ಟ್ ಟೇಪ್ ಸುತ್ತಿ, ಕತ್ತರಿಸಿ ತೆಗೆದು ಅದರಿಂದಲೇ ಪ್ಯಾಟರ್ನ್ ಮಾಡ್ತಾರೆ. ಇನ್ನೊಂದು, ಫೋಮ್‌ಗೆ ದಪ್ಪ ಇದೆ. 10 ಎಂಎಂ ಶೀಟನ್ನ ಮೈ ಸುತ್ತ ಬಗ್ಗಿಸಿದ್ರೆ ಹೊರಗಡೆ ಸುತ್ತಳತೆ ಒಳಗಡೆಗಿಂತ 6 ಸೆಂ.ಮೀ.ಗೂ ಜಾಸ್ತಿ ಆಗುತ್ತೆ. ಅದನ್ನ ಲೆಕ್ಕಕ್ಕೆ ತಗೊಳ್ದೆ ಕತ್ತರಿಸಿದ್ರೆ ಪಕ್ಕೆಯಲ್ಲಿ ಕೂಡೋದೇ ಇಲ್ಲ. ನಂಗೆ ಇದೆಲ್ಲ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಾದೆ, ಅದೇ ಈಗ ಹೊಟ್ಟೆ ಉರಿಸ್ತಿರೋದು.

ನಾಲ್ಕನೇ ವಾರ ಒಂದು ಫೋಟೋ ಬಂತು. "ನಿಮ್ದೇ ಬ್ರೋ, ಪ್ರೈಮರ್ ಹಂತದಲ್ಲಿದೆ. ಪೇಂಟ್ ತರ್ಬೇಕು, ಒಂದು 7,000 ಹಾಕಿ." ಅಂಚುಗಳನ್ನ ಅಷ್ಟು ಚೆನ್ನಾಗಿ ಓರೆ ಕತ್ತರಿಸಿದ್ರು, ಜೋಡಣೆ ಎಲ್ಲೂ ಕಾಣ್ತಿರಲಿಲ್ಲ. ಎರಡೇ ನಿಮಿಷದಲ್ಲಿ ದುಡ್ಡು ಹಾಕಿದೆ. ಕೊರಿಯರ್ ಮಾಡೋ ಮುಂಚೆ ಉಳಿದ 4,000 ಕೂಡ.

ಬಾಕ್ಸ್ ಬಂದಿದ್ದು ಶುಕ್ರವಾರ ಸಂಜೆ. ಕಾನ್ ಶನಿವಾರ.

ತೆಗೆದ ತಕ್ಷಣ ಫೋಟೋ ಪಕ್ಕ ಇಟ್ಟು ನೋಡಿದೆ. ಅದು ಇದಲ್ಲ. ಅಂಚಿಗೆ ಓರೆಯೇ ಇಲ್ಲ. ಆಗ ಹೋಗಿ ಆ ಫೋಟೋ ಎಲ್ಲಿಂದ ಬಂತು ಅಂತ ಹುಡುಕೋಕೆ ಗೂಗಲ್ ಲೆನ್ಸ್‌ಗೆ ಹಾಕಿದೆ. ಬೇರೆ ದೇಶದ ಒಬ್ಬ ಕಾಸ್‌ಪ್ಲೇಯರ್ ಎಷ್ಟೋ ವರ್ಷದ ಹಿಂದೆ ಹಾಕಿದ್ದ ಫೋಟೋ. ಮೂಲದಲ್ಲಿ ಕೆಳಗಿನ ಮೂಲೆಯಲ್ಲಿ ಅವರ ಹೆಸರಿದೆ. ನಂಗೆ ಬಂದಿದ್ದರಲ್ಲಿ ಆ ಮೂಲೆ ಮಾತ್ರ ಕತ್ತರಿಸಿತ್ತು. ಆ ಕತ್ತರಿಸಿದ ಮೂಲೆಯನ್ನ ಎಷ್ಟು ಹೊತ್ತು ನೋಡ್ತಾ ಕೂತಿದ್ದೆನೋ ಗೊತ್ತಿಲ್ಲ.

ಬಂದ ಮಾಲು ಹೇಗಿತ್ತು ಅಂತ ಕೇಳಿ. ಜಿಮ್‌ನಲ್ಲಿ ನೆಲಕ್ಕೆ ಹಾಸೋ ಮೆತ್ತನೆ ಮ್ಯಾಟ್, ಒಳಗಡೆ ಅದರ ಗೀರುಗೀರು ಅಚ್ಚು ಹಾಗೇ ಇದೆ. ಕಾಂಟ್ಯಾಕ್ಟ್ ಗಮ್ ಎಲ್ಲೂ ಇಲ್ಲ, ಪೂರ್ತಿ ಗ್ಲೂ ಗನ್. ಕಾಂಟ್ಯಾಕ್ಟ್ ಗಮ್ ಆದ್ರೆ ಎರಡೂ ಮೈಗೆ ತೆಳ್ಳಗೆ ಹಚ್ಚಿ, 10-15 ನಿಮಿಷ ಆರಿಸಿ ಒತ್ತಬೇಕು, ಆಮೇಲೆ ಎಳೆದ್ರೂ ಫೋಮೇ ಹರಿಯುತ್ತೆ ಹೊರತು ಅಂಟು ಬಿಡಲ್ಲ. ಗ್ಲೂ ಗನ್ ಅಂಟು ಬಿಸಿಲಲ್ಲಿ ನಿಂತ ಕಾರಿನೊಳಗೆ ಇಟ್ರೆ ಮೆತ್ತಗಾಗಿ ಜಾರುತ್ತೆ. ಪೇಂಟ್ ಇನ್ನೂ ಅನ್ಯಾಯ. ಇವಿಎ ಮೇಲೆ ಹೀಟ್ ಗನ್ ಆಡಿಸಿ ರಂಧ್ರ ಮುಚ್ಚಬೇಕು, ಆಮೇಲೆ ಬಾಗೋ ಪ್ರೈಮರ್ ಹೊಡೀಬೇಕು. ದುಡ್ಡು ಕಮ್ಮಿ ಇದ್ರೆ ನೀರು ಬೆರೆಸಿದ ಬಿಳಿ ಫೆವಿಕಾಲ್ ನಾಲ್ಕೈದು ಕೋಟ್ ಆದ್ರೂ ಹಚ್ಚಬೇಕು. ಇವನು ಬರೀ ಫೋಮ್ ಮೇಲೆ ಸ್ಪ್ರೇ ಹೊಡೆದಿದ್ದ. ಒಂದು ಸಲ ಬಗ್ಗಿಸಿದ್ದಕ್ಕೆ ಪೇಂಟ್ ಬಿರುಕು ಬಿಟ್ಟು ಪುಡಿಪುಡಿ ಉದುರ್ತು. ಹೆಲ್ಮೆಟ್ ಒಳಗೆ ಪ್ಯಾಡಿಂಗ್‌ಗೆ ಜಾಗವೇ ಇಲ್ಲ, ಕಿವಿ ಹತ್ರ ಸಿಕ್ಕಿಹಾಕ್ಕೊಳ್ತು.

ಫೋನ್ ಎತ್ತಲಿಲ್ಲ. ಮೆಸೇಜ್‌ಗೆ ಕೊಟ್ಟ ಉತ್ತರ ಹಾಗೇ ಹಾಕ್ತೀನಿ.

"ಅದು ರೆಫರೆನ್ಸ್ ಫೋಟೋ ಬ್ರೋ."

"ನಿಮ್ದೇ" ಅಂತ ಬರೆದಿದ್ಯಲ್ಲ ಅಂದೆ.

"ನಿಮ್ದೇ ಡಿಸೈನ್ ಅಂದಿದ್ದು."

ಫೋಮ್ ಬೇರೆ ಅಂದೆ. "ಹಾಲ್‌ನಲ್ಲಿ ಹತ್ತು ಅಡಿ ದೂರದಿಂದ ಯಾರಿಗೂ ಗೊತ್ತಾಗಲ್ಲ." ಪಕ್ಕೆ ಕೂಡ್ತಿಲ್ಲ ಅಂದೆ. "ನೀವು ಸ್ವಲ್ಪ ದಪ್ಪ ಆಗಿರ್ಬೇಕು, ಚೆಕ್ ಮಾಡ್ಕೊಳ್ಳಿ." ಇಂಥ ಮಾತು! ಅಳತೆಯನ್ನೇ ಕೇಳದವನು! ದುಡ್ಡು ವಾಪಸ್ ಕೇಳಿದ್ದಕ್ಕೆ, "ಕಸ್ಟಮ್ ವರ್ಕ್‌ಗೆ ರಿಫಂಡ್ ಇರಲ್ಲ, ಎಲ್ಲರಿಗೂ ಗೊತ್ತಿರೋದೇ." ಆಮೇಲೆ ಬ್ಲಾಕ್.

ಹೊಸಬರಿಗೆ ಇಷ್ಟೇ ಹೇಳೋದು. ಮುಂಗಡ ಕೊಡಿ, ಆದ್ರೆ ಎರಡನೇ ಕಂತು ಫೋಟೋ ನೋಡಿ ಕೊಡ್ಲೇಬೇಡಿ. ವಿಡಿಯೋ ಕೇಳಿ. ನಿಮ್ಮ ಹೆಸರು, ಅವತ್ತಿನ ತಾರೀಖು ಬರೆದ ಚೀಟಿ ಕವಚದ ಪಕ್ಕ ಇರಲಿ, ಕವಚವನ್ನ ಕೈಯಲ್ಲಿ ಹಿಡಿದು ಬಗ್ಗಿಸಿ ತೋರಿಸ್ಲಿ, ಒಳಮೈ ತೋರಿಸ್ಲಿ. ಕೊನೇ ಕಂತು ಮೈಮೇಲೆ ಹಾಕಿ ನೋಡಿದ ಮೇಲೆ. ಡೆಲಿವರಿ ತಾರೀಖು ಕಾನ್‌ಗಿಂತ ಮೂರು ವಾರ ಮುಂಚೆ ಇಟ್ಕೊಳ್ಳಿ, ಬಂದ ಮೇಲೆ ಎರಡು ಗಂಟೆ ಹಾಕ್ಕೊಂಡೇ ಇರಿ. ಕೂತ್ಕೊಳ್ಳಿ, ಮೆಟ್ಟಿಲು ಹತ್ತಿ, ಕೈ ಎತ್ತಿ, ಟಾಯ್ಲೆಟ್‌ಗೆ ಹೋಗಕ್ಕಾಗುತ್ತಾ ನೋಡಿ. ಫೆವಿಕ್ವಿಕ್ ನಂಬ್ಕೊಂಡು ಹೊರಡ್ಬೇಡಿ, ಅದು ಗಟ್ಟಿಯಾಗಿ ಕೂತು ಬಾಗೋ ಕಡೆ ಲಟಕ್ ಅಂತ ಬಿಡುತ್ತೆ. ಚೀಲದಲ್ಲಿ ಸಣ್ಣ ಟ್ಯೂಬ್ ಕಾಂಟ್ಯಾಕ್ಟ್ ಗಮ್, ವೆಲ್ಕ್ರೋ, ಪಿನ್ನು, ಕಪ್ಪು ದಾರ ಇರಲಿ.

ದುಡ್ಡು ಹೋಗಿದ್ರೆ ನಾಚಿಕೆ ಪಟ್ಕೊಂಡು ಕೂರ್ಬೇಡಿ. ನಾನು ಎರಡು ದಿನ ಯಾರಿಗೂ ಹೇಳ್ದೆ ಕೂತಿದ್ದೆ, ಅದು ತಪ್ಪಾಯ್ತು. ಆನ್‌ಲೈನ್ ಮೋಸಕ್ಕೆ 1930ಕ್ಕೆ ತಕ್ಷಣ ಫೋನ್ ಮಾಡಿ, ತಡ ಆದಷ್ಟೂ ದುಡ್ಡು ತಡೆಹಿಡಿಯೋದು ಕಷ್ಟ. ಕೆಲಸ ಸರಿ ಇಲ್ಲ ಅನ್ನೋ ದೂರಿಗೆ ಗ್ರಾಹಕರ ಸಹಾಯವಾಣಿ 1915. ಅವನು ಬ್ಲಾಕ್ ಮಾಡೋ ಮುಂಚೆ ಚಾಟ್ ಪೂರ್ತಿ ಸ್ಕ್ರೀನ್‌ಶಾಟ್ ತಗೊಳ್ಳಿ, ಯುಪಿಐ ಟ್ರಾನ್ಸಾಕ್ಷನ್ ನಂಬರ್ ಸಮೇತ.

ಈಗಾಗಲೇ ಯಾರಿಗಾದ್ರೂ ಅಡ್ವಾನ್ಸ್ ಕಳಿಸಿದ್ರೆ, ಚೀಟಿ ಇಟ್ಟ ವಿಡಿಯೋನ ಇವತ್ತು ರಾತ್ರಿಯೇ ಕೇಳಿ. ನಾಳೆ ಕಳಿಸ್ತೀನಿ ಅಂದ್ರೆ ಬಿಡ್ಬೇಡಿ.