ಶಿವಮೊಗ್ಗದ ಫುಟ್‌ಬಾಲ್ ಟರ್ಫ್: ದುಡ್ಡು ಕೊಡುವ ಮುಂಚೆ ನೆಲ ಮುಟ್ಟಿ ನೋಡಿ

ಮಳೆಗಾಲದಲ್ಲಿ ಶಿವಮೊಗ್ಗದಲ್ಲಿ ಫುಟ್‌ಬಾಲ್ ಆಡಬೇಕು ಅಂದರೆ ಟರ್ಫ್, ಅಂದರೆ ಬಾಡಿಗೆಗೆ ಸಿಗುವ ಕೃತಕ ಹುಲ್ಲಿನ ಮೈದಾನ, ಬಿಟ್ಟರೆ ಬೇರೆ ದಾರಿ ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಬರೆಯುವುದರಲ್ಲಿ ದೂರೇ ಜಾಸ್ತಿ ಇದೆ. ಆರಿದ್ರೆ ಮಳೆ ಹಿಡಿದುಕೊಂಡರೆ ಪುಷ್ಯ ಮುಗಿಯುವವರೆಗೂ ಊರಿನ ಮಣ್ಣಿನ ಮೈದಾನಗಳು ಕೆಸರುಗದ್ದೆಯಂತೆ ಆಗುತ್ತವೆ. ಪಾಸ್ ಕೊಟ್ಟರೆ ಚೆಂಡು ನಾಲ್ಕು ಹೆಜ್ಜೆ ಹೋಗಿ ನೀರಲ್ಲಿ ನಿಲ್ಲುತ್ತದೆ. ತೀರ್ಥಹಳ್ಳಿ, ಹೊಸನಗರದ ಕಡೆಯವರ ಪಾಡು ಇನ್ನೂ ಕಷ್ಟ, ಅಲ್ಲಿ ತಿಂಗಳುಗಟ್ಟಲೆ ಚೆಂಡು ಹೊರಗೇ ಬರುವುದಿಲ್ಲ.

ನಾವು ಆಫೀಸಿನ ಕೆಲವರು, ಹಳೆಯ ಕಾಲೇಜು ಗೆಳೆಯರು ಸೇರಿ ರಾತ್ರಿ ಹೊತ್ತು ಹೋಗುವುದು ಊರಿನ ಒಂದು ಟರ್ಫ್‌ಗೆ. ಹೆಸರು ಹಾಕುತ್ತಿಲ್ಲ. ಇಲ್ಲಿ ಹೇಳುವ ಕೊರತೆಗಳನ್ನು ಬೇರೆ ಊರಿನ ಟರ್ಫ್‌ಗಳಲ್ಲೂ ನೋಡಿದ್ದೇನೆ, ಒಬ್ಬರ ತಲೆಗೆ ಕಟ್ಟುವುದು ನ್ಯಾಯವಲ್ಲ.

ಚೆನ್ನಾಗಿರುವುದು ಏನು? ನೀರು ಇಂಗುವುದು. ಜೋರು ಮಳೆ ಸುರಿದು ನಿಂತ ಸ್ವಲ್ಪ ಹೊತ್ತಿಗೇ ಆಟ ಶುರು ಮಾಡಬಹುದು. ಕೆಳಗೆ ಜಲ್ಲಿ ಹಾಸಿ, ಒಂದು ಕಡೆಗೆ ಇಳಿಜಾರು ಕೊಟ್ಟು, ಬದಿಯಲ್ಲಿ ಚರಂಡಿ ಮಾಡಿದ್ದಾರೆ. ಈ ಕೆಲಸ ಕಣ್ಣಿಗೆ ಕಾಣುವುದಿಲ್ಲ, ಆದರೆ ಮಲೆನಾಡಿನಲ್ಲಿ ಟರ್ಫ್ ಹಾಕಿಸುವವರು ಮೊದಲು ದುಡ್ಡು ಸುರಿಯಬೇಕಾದ್ದು ಅಲ್ಲಿಗೇ. ಲೈಟ್ ಚೆನ್ನಾಗಿದೆ, ಎತ್ತಿ ಹೊಡೆದ ಚೆಂಡು ಕತ್ತಲಲ್ಲಿ ಮಾಯವಾಗುವುದಿಲ್ಲ. ಬಲೆ ಎಲ್ಲೂ ಹರಿದಿಲ್ಲ. ಶೌಚಾಲಯ ಶುಚಿಯಾಗಿದೆ. ನೋಡಿಕೊಳ್ಳುವ ಹುಡುಗ ಸಭ್ಯ, ಹಿಂದಿನ ತಂಡ ಹತ್ತು ನಿಮಿಷ ಜಾಸ್ತಿ ಆಡಿದರೆ ನಮಗೂ ಅಷ್ಟೇ ಹೊತ್ತು ಬಿಡುತ್ತಾನೆ. ಬಾಡಿಗೆ ಹತ್ತು ಜನ ಹಂಚಿಕೊಂಡರೆ ಯಾರಿಗೂ ಹೊರೆ ಅನ್ನಿಸುವುದಿಲ್ಲ.

ಈಗ ನೆಲಕ್ಕೆ ಬರೋಣ. ನೀವು ಯಾವ ಟರ್ಫ್‌ಗೆ ಹೋದರೂ ಆಟಕ್ಕೆ ಇಳಿಯುವ ಮುಂಚೆ ಒಮ್ಮೆ ಮೊಣಕಾಲೂರಿ ಕೂತು, ಎರಡು ಬೆರಳಿನಿಂದ ಎಳೆಗಳನ್ನು ಬಿಡಿಸಿ ನೋಡಿ. ಎಳೆಗಳ ನಡುವೆ ಕೆಳಗೆ ಮರಳು, ಅದರ ಮೇಲೆ ಕಪ್ಪು ರಬ್ಬರ್ ಕಾಳು ತುಂಬಿರಬೇಕು. ಎಳೆಯ ತುದಿ ಮಾತ್ರ ಮೇಲೆ ಕಾಣಬೇಕು. ಎಳೆಯನ್ನು ನೆಟ್ಟಗೆ ನಿಲ್ಲಿಸುವುದು ಆ ಕಾಳು, ಬಿದ್ದಾಗ ಮೈ ಕಾಯುವುದೂ ಅದೇ. ನಮ್ಮ ಟರ್ಫ್‌ನಲ್ಲಿ ನಡುಭಾಗ ಪರವಾಗಿಲ್ಲ. ಎರಡೂ ಗೋಲಿನ ಮುಂದೆ ಮಾತ್ರ ಕಾಳು ಖಾಲಿ. ಎಳೆಗಳೆಲ್ಲ ಒಂದೇ ದಿಕ್ಕಿಗೆ ಮಲಗಿಬಿಟ್ಟಿವೆ, ಕೈ ಸವರಿದರೆ ನುಣ್ಣಗೆ ಜಾರುತ್ತದೆ, ಇನ್ನೊಂದು ದಿಕ್ಕಿಗೆ ಸವರಿದರೆ ಚರ್ಮಕ್ಕೆ ತರಚುತ್ತದೆ. ಒಂದು ಮೂಲೆಯಲ್ಲಿ ಅಡಿಯ ಬಟ್ಟೆಯೇ ಕಾಣುತ್ತಿದೆ. ನಮ್ಮ ಗೋಲ್‌ಕೀಪರ್ ಪ್ರತಿ ಸಲ ಮೊಣಕೈ ಸುಟ್ಟುಕೊಂಡೇ ಮನೆಗೆ ಹೋಗುವುದು. ಅದು ಗಾಯ ಅನ್ನುವುದಕ್ಕಿಂತ ಸುಟ್ಟ ಚರ್ಮವೇ, ನೀರು ಬಿದ್ದರೆ ಉರಿ ತಡೆಯಲಾಗುವುದಿಲ್ಲ.

ನೋಡಿಕೊಳ್ಳುವ ಹುಡುಗನನ್ನು ಕೇಳಿದೆ. "ಅಣ್ಣಾ, ರಬ್ಬರ್ ಹಾಕಿಸ್ಬೇಕು ಅಂತ ಓನರ್‌ಗೆ ಹೇಳಿದೀನಿ, ಮಳೆ ನಿಲ್ಲಲಿ ಅಂತಾರೆ" ಅಂದ. ಮಳೆ ನಿಲ್ಲುವ ಹೊತ್ತಿಗೆ ಇನ್ನೆಷ್ಟು ಮೊಣಕೈ ಹೋಗಬೇಕು ಮಾರಾಯ್ರೆ? ಹೋದ ಕಾಳು ತುಂಬಿಸುವುದು, ಬ್ರಷ್ ಎಳೆದು ಎಳೆ ಎಬ್ಬಿಸುವುದು ವರ್ಷಕ್ಕೊಮ್ಮೆ ಮಾಡುವ ಕೆಲಸವಲ್ಲ. ದಿನವಿಡೀ ಬುಕಿಂಗ್ ಇರುವ ಟರ್ಫ್‌ಗೆ ಅದು ಮತ್ತೆ ಮತ್ತೆ ಆಗಬೇಕು. ಒಮ್ಮೆ ಹಾಸಿದರೆ ಖರ್ಚೇ ಇಲ್ಲ ಅಂತ ಮಾರುವವರು ಹೇಳುತ್ತಾರೆ, ಹಾಕಿಸುವವರು ನಂಬುತ್ತಾರೆ. ತೊಂದರೆ ಶುರುವಾಗುವುದೇ ಅಲ್ಲಿ.

ಇನ್ನೊಂದು ಪರೀಕ್ಷೆ ಇದೆ, ಯಾರು ಬೇಕಾದರೂ ಮಾಡಬಹುದು. ಜಗತ್ತಿನ ಫುಟ್‌ಬಾಲ್ ನಡೆಸುವ ಸಂಸ್ಥೆ ಫಿಫಾ ಕೃತಕ ಹುಲ್ಲಿಗೆ ಸರ್ಟಿಫಿಕೇಟ್ ಕೊಡುವಾಗ ಮಾಡುವ ಹಲವು ಪರೀಕ್ಷೆಗಳಲ್ಲಿ ಇದೂ ಒಂದು. ಚೆಂಡನ್ನು 2 ಮೀಟರ್ ಎತ್ತರದಿಂದ ಸುಮ್ನೆ ಕೈಬಿಡಬೇಕು. ದೊಡ್ಡ ಕ್ಲಬ್‌ಗಳು ಆಡುವ ಮೇಲಿನ ದರ್ಜೆಯ ಪಿಚ್‌ನಲ್ಲಿ ಅದು 60ರಿಂದ 85 ಸೆಂಟಿಮೀಟರ್ ಒಳಗೆ ಪುಟಿಯಬೇಕು. ನಾವೂ ಮಾಡಿದೆವು. ಟರ್ಫ್‌ನ ನಡುವೆ ಚೆಂಡು ತೊಡೆಯ ಮಟ್ಟಕ್ಕೆ ಬಂದು ನಿಂತಿತು. ಗೋಲಿನ ಮುಂದೆ ಸೊಂಟ ದಾಟಿತು. ಒಂದೇ ಮೈದಾನದಲ್ಲಿ ಎರಡು ತರಹದ ನೆಲ! ಅಲ್ಲಿ ನಿಲ್ಲುವ ಡಿಫೆಂಡರ್ ಯಾವ ಲೆಕ್ಕ ಹಿಡಿದು ಚೆಂಡಿಗೆ ಹೋಗಬೇಕು ಹೇಳಿ.

ಇದು ನಮ್ಮೂರಿನ ತೊಂದರೆ ಮಾತ್ರ ಅಲ್ಲ. ಇಂಗ್ಲೆಂಡಿನಲ್ಲಿ 1981ರಲ್ಲಿ ಕ್ವೀನ್ಸ್ ಪಾರ್ಕ್ ರೇಂಜರ್ಸ್ ಕ್ಲಬ್ ಮೊದಲ ಸಲ ಪ್ಲಾಸ್ಟಿಕ್ ಪಿಚ್ ಹಾಕಿಸಿತು. ಲೂಟನ್, ಓಲ್ಡ್‌ಹ್ಯಾಮ್, ಪ್ರೆಸ್ಟನ್ ಕ್ಲಬ್‌ಗಳು ಅದರ ಹಿಂದೆ ಹೋದವು. ಚೆಂಡು ಸಿಕ್ಕಾಪಟ್ಟೆ ಪುಟಿಯುತ್ತಿತ್ತು, ಆಟಗಾರರ ತೊಡೆ ಮೊಣಕಾಲು ಕಿತ್ತುಹೋಗುತ್ತಿದ್ದವು. ಕೊನೆಗೆ 1994ರಲ್ಲಿ ಪ್ರೆಸ್ಟನ್ ತನ್ನದನ್ನು ಕಿತ್ತು ಹಾಕಿತು, ಅಲ್ಲಿಗೆ ಇಂಗ್ಲಿಷ್ ಲೀಗ್‌ನಲ್ಲಿ ಆ ಕಾಲದ ಪ್ಲಾಸ್ಟಿಕ್ ಮುಗಿಯಿತು. ಆಮೇಲೆ ಬಂದದ್ದು ಉದ್ದ ಎಳೆ, ರಬ್ಬರ್ ಕಾಳಿನ ಈಗಿನ ಟರ್ಫ್. ಇದು ಅದಕ್ಕಿಂತ ಎಷ್ಟೋ ಮೇಲು. ಆದರೂ ಮಾಸ್ಕೋದ ಲುಝ್ನಿಕಿ ಮೈದಾನದಲ್ಲಿ ಯುರೋಪಿನ ಕ್ಲಬ್‌ಗಳ 2008ರ ಚಾಂಪಿಯನ್ಸ್ ಲೀಗ್ ಫೈನಲ್ ನಡೆಸಬೇಕಾದಾಗ, ಅಲ್ಲಿದ್ದ ಕೃತಕ ಹುಲ್ಲಿನ ಜಾಗಕ್ಕೆ ಒಂದು ಪಂದ್ಯಕ್ಕಾಗಿ ನಿಜವಾದ ಹುಲ್ಲು ತಂದು ಹಾಸಿದರು. ಹಿಂದಿನ ವರ್ಷ ಅದೇ ಕೃತಕ ನೆಲದಲ್ಲಿ ರಷ್ಯಾ ಇಂಗ್ಲೆಂಡನ್ನು 2-1ರಿಂದ ಸೋಲಿಸಿತ್ತು.

ನನಗೆ ಬೇಜಾರು ತರುವುದು 2015ರ ಮಹಿಳಾ ವಿಶ್ವಕಪ್. ಕೆನಡಾದಲ್ಲಿ ಇಡೀ ಟೂರ್ನಿಯನ್ನು ಕೃತಕ ಹುಲ್ಲಿನ ಮೇಲೆ ಆಡಿಸಿದರು. ಗಂಡಸರ ವಿಶ್ವಕಪ್‌ನಲ್ಲಿ ಹೀಗೆ ಯಾವತ್ತೂ ಮಾಡಿರಲಿಲ್ಲ. ಅಮೆರಿಕದ ಆಟಗಾರ್ತಿ ಆಬಿ ವಾಂಬಾಕ್ ಮುಂದಾಳತ್ವದಲ್ಲಿ ಆಟಗಾರ್ತಿಯರು ತಾರತಮ್ಯ ಅಂತ ಕೆನಡಾದಲ್ಲೇ ದೂರು ಹಾಕಿದರು, ಕೊನೆಗೆ ಟೂರ್ನಿ ಹತ್ತಿರ ಬಂತು ಅಂತ ವಾಪಸ್ ತೆಗೆದುಕೊಳ್ಳಬೇಕಾಯಿತು. ಆಡುವವರ ಮಾತಿಗೆ ಅಷ್ಟೂ ಬೆಲೆ ಇಲ್ಲವಾ? 2026ರ ಗಂಡಸರ ವಿಶ್ವಕಪ್‌ಗೆ ಮಾತ್ರ ಕೃತಕ ನೆಲವಿದ್ದ ಅಮೆರಿಕದ ಸ್ಟೇಡಿಯಂಗಳಿಗೂ ಹುಲ್ಲೇ ಬೇಕು ಅಂತ ಫಿಫಾ ಪಟ್ಟು ಹಿಡಿಯಿತು.

ನೆದರ್ಲೆಂಡ್ಸ್‌ನ ಮೇಲಿನ ಲೀಗ್ 2025-26ರಿಂದ ಕೃತಕ ಪಿಚ್ ಬಿಟ್ಟಿತು, ಸ್ಕಾಟ್ಲೆಂಡಿನ ಪ್ರೀಮಿಯರ್‌ಶಿಪ್ ಕ್ಲಬ್‌ಗಳು 2026-27ರಿಂದ ಬೇಡ ಅಂತ ವೋಟು ಹಾಕಿವೆ. ಹಾಗಂತ ಟರ್ಫ್ ಎಂದರೆ ಕೆಟ್ಟದ್ದು ಅಂತ ಒಂದೇ ಮಾತಲ್ಲಿ ತಳ್ಳಲು ನಾನು ತಯಾರಿಲ್ಲ. ನಾರ್ವೆಯ ಬೋಡೋ ಗ್ಲಿಮ್ಟ್ ಕ್ಲಬ್ ನೋಡಿ. ಊರು ಆರ್ಕ್‌ಟಿಕ್ ವೃತ್ತದ ಆಚೆ, ನಡು ಚಳಿಗಾಲದಲ್ಲಿ ಬಿಸಿಲು ಇಲ್ಲವೇನೋ ಅನ್ನುವಷ್ಟು ಕಡಿಮೆ, ಹುಲ್ಲು ಬೆಳೆಯುವುದಾದರೂ ಹೇಗೆ? ಅವರ ಕೃತಕ ನೆಲದ ಮೇಲೆ 2021ರಲ್ಲಿ ಇಟಲಿಯ ರೋಮಾ ತಂಡ 6-1ರಿಂದ ಸೋತು ಹೋಯಿತು. ನಮ್ಮಲ್ಲೂ ಬೆಂಗಳೂರು ಎಫ್‌ಸಿ ಮೊದಲ ವರ್ಷವೇ, 2013-14ರಲ್ಲಿ, ಆಗಿನ ದೇಶದ ಮೇಲಿನ ಲೀಗ್ ಆದ ಐ-ಲೀಗ್ ಗೆದ್ದಾಗ ಅವರ ಮನೆ ಮೈದಾನ ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನ ಕೃತಕ ಹುಲ್ಲೇ. ಆಮೇಲೆ ಅವರು ಕಂಠೀರವದ ಹುಲ್ಲಿಗೆ ಹೋದರು. ಕೋಲ್ಕತ್ತದ ಸಾಲ್ಟ್ ಲೇಕ್ ಸ್ಟೇಡಿಯಂನಲ್ಲೂ ಕೃತಕ ಹುಲ್ಲಿತ್ತು, 2017ರ ಹದಿನೇಳು ವರ್ಷದೊಳಗಿನವರ ವಿಶ್ವಕಪ್ ಬಂದಾಗ ಅದನ್ನು ತೆಗೆದು ನಿಜವಾದ ಹುಲ್ಲು ಬೆಳೆಸಿದರು.

ಗಾಯದ ವಿಷಯದಲ್ಲೂ ನ್ಯಾಯವಾಗಿ ಹೇಳಬೇಕು. ಯುರೋಪಿನ ಕ್ಲಬ್‌ಗಳನ್ನು ಗಮನಿಸಿ 2006ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಒಟ್ಟಾರೆ ಗಾಯ ಹೊಸ ಟರ್ಫ್‌ನಲ್ಲಿ ಜಾಸ್ತಿ ಏನೂ ಇರಲಿಲ್ಲ, ಪಾದದ ಕೀಲು ಉಳುಕುವುದು ಮಾತ್ರ ಜಾಸ್ತಿ ಕಂಡಿತ್ತು. ನಮ್ಮಲ್ಲೂ ಜನ ಕುಂಟುವುದು ಉಳುಕಿನಿಂದಲೇ. ಹುಲ್ಲಿನಲ್ಲಿ ಜೋರಾಗಿ ತಿರುಗಿದರೆ ಒಂದು ಹೆಂಟೆ ಕಿತ್ತು ಬರುತ್ತದೆ, ಕಾಲು ಬಿಡಿಸಿಕೊಳ್ಳುತ್ತದೆ. ಟರ್ಫ್ ಕಿತ್ತು ಬರುವುದಿಲ್ಲ. ಶೂ ಅಲ್ಲೇ ಕಚ್ಚಿಕೊಂಡು ನಿಲ್ಲುತ್ತದೆ, ಮೈ ಮಾತ್ರ ತಿರುಗುತ್ತದೆ. ಆದ್ದರಿಂದ ಹುಲ್ಲಿಗೆ ಅಂತ ಮಾಡಿದ, ಅಡಿಯಲ್ಲಿ ಉದ್ದ ಗುಬುಟು ಇರುವ ಸ್ಟಡ್ ಶೂ ಹಾಕಿಕೊಂಡು ಟರ್ಫ್‌ಗೆ ಇಳಿಯಬೇಡಿ. ಚಿಕ್ಕ ಚಿಕ್ಕ ರಬ್ಬರ್ ಗುಬುಟು ಇರುವ ಟರ್ಫ್ ಶೂ ಸಿಗುತ್ತದೆ, ದುಬಾರಿಯೂ ಅಲ್ಲ. ನಮ್ಮ ಟರ್ಫ್‌ನಲ್ಲಿ ಉದ್ದ ಸ್ಟಡ್‌ನವರನ್ನು ತಡೆಯುವುದಿಲ್ಲ. ತಡೆಯಬೇಕು.

ಬೇಸಿಗೆಯ ಕಥೆ ಬೇರೆ. ಮಾರ್ಚ್ ಏಪ್ರಿಲ್‌ನಲ್ಲಿ ಮಧ್ಯಾಹ್ನದ ಸ್ಲಾಟ್ ಕಡಿಮೆ ರೇಟಿಗೆ ಕೊಡುತ್ತಾರೆ, ಶಾಲೆ ಮಕ್ಕಳನ್ನು ಬೇಸಿಗೆ ಶಿಬಿರ ಅಂತ ಹತ್ತು ಗಂಟೆ ಬಿಸಿಲಿಗೂ ಇಳಿಸುತ್ತಾರೆ. ಕಡು ಬಿಸಿಲಿನಲ್ಲಿ ಕೃತಕ ಹುಲ್ಲಿನ ಮೇಲ್ಮೈ 60 ಡಿಗ್ರಿ ದಾಟುವುದುಂಟು, ಯಾಕೆಂದರೆ ನಿಜವಾದ ಹುಲ್ಲಿನ ಹಾಗೆ ನೀರು ಆವಿ ಮಾಡಿ ತಂಪಾಗಲು ಅದಕ್ಕೆ ಆಗುವುದಿಲ್ಲ, ಕಪ್ಪು ರಬ್ಬರ್ ಬೇರೆ ಕಾವು ಹಿಡಿದುಕೊಂಡೇ ಇರುತ್ತದೆ. ಅಂಗೈ ಒತ್ತಿ ನೋಡಿ, ಕೈ ಇಟ್ಟುಕೊಳ್ಳಲು ಆಗದಿದ್ದರೆ ಮಗುವನ್ನು ಬಿಡಬೇಡಿ. ಇದರಲ್ಲಿ ಮುಲಾಜು ಬೇಡ.

ಗೋಲಿನ ಮುಂದೆ ಖಾಲಿಯಾದ ಆ ರಬ್ಬರ್ ಕಾಳು ಹೋಗುವುದಾದರೂ ಎಲ್ಲಿಗೆ? ಸ್ವಲ್ಪ ನಮ್ಮ ಶೂ, ಕಾಲುಚೀಲದಲ್ಲಿ ಮನೆಗೆ ಬರುತ್ತದೆ. ಉಳಿದದ್ದು ಮಳೆ ನೀರಿನ ಜೊತೆ ಚರಂಡಿಗೆ. ಟರ್ಫ್ ಪಕ್ಕದ ಚರಂಡಿಯಲ್ಲಿ ಕಪ್ಪು ಕೆನೆ ಕಟ್ಟಿರುವುದನ್ನು ಕಣ್ಣಾರೆ ನೋಡಿದ್ದೇನೆ. ಈ ಊರಿನ ಮಳೆ ನೀರು ಕೊನೆಗೆ ಸೇರುವುದು ತುಂಗೆಯನ್ನು ಅಲ್ವಾ. ಯುರೋಪಿಯನ್ ಒಕ್ಕೂಟ 2023ರಲ್ಲೇ ಕಾನೂನು ಮಾಡಿದೆ, ಇಂಥ ಪ್ಲಾಸ್ಟಿಕ್, ರಬ್ಬರ್ ಕಾಳನ್ನು 2031ರ ನಂತರ ಮಾರುವಂತಿಲ್ಲ. ನಮ್ಮಲ್ಲಿ ಕನಿಷ್ಠ ಚರಂಡಿ ಬಾಯಿಗೆ ಒಂದು ಸಣ್ಣ ಕಣ್ಣಿನ ಜಾಲರಿ ಹಾಕಿ, ಸಿಕ್ಕ ಕಾಳನ್ನು ವಾಪಸ್ ಗೋಲಿನ ಮುಂದೆ ಸುರಿಯಬಹುದು. ನದಿಗೂ ಒಳ್ಳೆಯದು, ಮೊಣಕೈಗೂ ಒಳ್ಳೆಯದು.

ನಿಜವಾಗಿ ನನಗೆ ಬೇಕಾದ್ದು ಊರಿಗೊಂದು ಒಳ್ಳೆಯ ಹುಲ್ಲಿನ ಫುಟ್‌ಬಾಲ್ ಮೈದಾನ. ಬಿಸಿ ದೇಶಗಳ ದೊಡ್ಡ ಸ್ಟೇಡಿಯಂಗಳಲ್ಲಿ ಹಾಕುವ ಬರ್ಮುಡಾ ಹುಲ್ಲು ನಾವು ಗಣಪತಿಗೆ ಏರಿಸುವ ಗರಿಕೆಯ ಜಾತಿಯೇ. ಅದಕ್ಕೆ ಬಿಸಿಲು ಬೇಕು, ಮೋಡ ಕವಿದ ತಿಂಗಳುಗಳಲ್ಲಿ ಸೊರಗುತ್ತದೆ. ಆಗ ಅದರ ಮೇಲೆ ತುಳಿದಾಡಿದರೆ ಸತ್ತೇ ಹೋಗುತ್ತದೆ. ಹಾಗಾಗಿ ಜೂನ್‌ನಿಂದ ಸೆಪ್ಟೆಂಬರ್ ತನಕ ಅದಕ್ಕೆ ರಜೆ ಕೊಟ್ಟು ಟರ್ಫ್‌ನಲ್ಲಿ ಆಡೋಣ, ದಸರಾ ಮುಗಿದ ಮೇಲೆ ಹುಲ್ಲಿಗೆ ಹೋಗೋಣ. ಟರ್ಫ್‌ನಲ್ಲೇ ಬೆಳೆದ ಮಕ್ಕಳು ಜಿಲ್ಲಾ ಪಂದ್ಯಕ್ಕೆ ಮಣ್ಣಿನ ಮೈದಾನಕ್ಕೆ ಬಂದಾಗ ಚೆಂಡು ಅಡ್ಡಾದಿಡ್ಡಿ ಪುಟಿದರೆ ಕಕ್ಕಾಬಿಕ್ಕಿ ಆಗುವುದನ್ನು ನೋಡಿದರೆ ಸಂಕಟವಾಗುತ್ತದೆ. ಯುರೋಪಿನ ಶ್ರೀಮಂತ ಕ್ಲಬ್‌ಗಳ ಹಾಗೆ ಹುಲ್ಲಿನ ನಡುವೆ ಪ್ಲಾಸ್ಟಿಕ್ ಎಳೆ ಹೊಲಿದ ಹೈಬ್ರಿಡ್ ಪಿಚ್ ಏನೂ ನಾನು ಕೇಳುತ್ತಿಲ್ಲ. ಮಟ್ಟ ಮಾಡಿದ ನೆಲ, ಗರಿಕೆ, ನೀರು, ಒಬ್ಬ ಮಾಲಿ, ಅಷ್ಟೇ.

ಹೋಗುವವರಿಗೆ: ಮಳೆಗಾಲದ ರಾತ್ರಿಗೆ ಐದಕ್ಕೆ ನಾಲ್ಕು ಅಂಕ, ಬೇಸಿಗೆಯ ಹಗಲಿಗೆ ಒಂದು. ಕೀಪರ್‌ಗೆ ಪೂರ್ತಿ ತೋಳಿನ ಜರ್ಸಿ ಹಾಕಿಸಿ. ವಾರದ ಕೊನೆಯ ಸ್ಲಾಟ್ ಬೇಕಾದರೆ ಗುರುವಾರದೊಳಗೆ ಫೋನ್ ಮಾಡಿ, ಆಮೇಲೆ ಸಿಗುವುದು ರಾತ್ರಿ ಹತ್ತರ ನಂತರದ್ದು ಮಾತ್ರ. ಹೋದಾಗ ಗೋಲಿನ ಮುಂದಿನ ರಬ್ಬರ್ ಬಗ್ಗೆ ನೀವೂ ಒಂದು ಮಾತು ಕೇಳಿ. ನಾಲ್ಕು ಜನ ಕೇಳಿದರೆ ಓನರ್ ಮಳೆ ನಿಲ್ಲುವ ತನಕ ಕಾಯಲಿಕ್ಕಿಲ್ಲ.